ಆರು ಸಣ್ಣ ಕಾರ್ಖಾನೆಗಳು ಸೇರಿ ಕೆಲಸಗಾರರಿಗೆ ತರಬೇತಿ ಕೊಡಲು ಹೊರಟರೆ ಸರ್ಕಾರದ ಹಣ ಸಿಗುತ್ತದೆಯೇ?

ಪ್ರಶ್ನೆ — ಭೋಸರಿ ಟರ್ನಿಂಗ್

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವನು. ಪುಣೆ ಬಳಿಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹದಿನಾಲ್ಕು ವರ್ಷಗಳಿಂದ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದೇನೆ. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ಹಿಡಿತದ) ಲೇತ್, ಎರಡು ವಿಎಂಸಿ (ಅದೇ ಬಗೆಯ ಕೊರೆಯುವ ಯಂತ್ರ) ಮತ್ತು ಮಾರಲು ಮನಸ್ಸು ಬಾರದೆ ಉಳಿಸಿಕೊಂಡ ಒಂದು ಹಳೆಯ ಲೇತ್, ಇಷ್ಟು ಯಂತ್ರಗಳ ಮೇಲೆ ಎರಡು ಪಾಳಿಗಳಲ್ಲಿ ಇಪ್ಪತ್ತೆರಡು ಜನ ದುಡಿಯುತ್ತಾರೆ.

ನನ್ನ ತೊಂದರೆ ಜನ ಸಿಗುವುದಿಲ್ಲ ಎಂಬುದಲ್ಲ. ಜಾಬ್ (ಕೆತ್ತಬೇಕಾದ ಲೋಹದ ತುಂಡು) ಹಾಕಿ ಗುಂಡಿ ಒತ್ತಿ ತೆಗೆಯುವ ಆಪರೇಟರ್‌ಗಳು ಸಿಗುತ್ತಾರೆ. ಆದರೆ ಇನ್ಸರ್ಟ್, ಅಂದರೆ ಲೋಹ ಕೊರೆಯುವ ಮೊನೆ, ಸವೆದು ಅಳತೆ ಎರಡು ಕೂದಲಿನಷ್ಟು ಆಚೀಚೆ ಹೋದಾಗ ತಾನೇ ಆಫ್‌ಸೆಟ್ ಕೊಟ್ಟು, ಅಂದರೆ ಯಂತ್ರಕ್ಕೆ ಅಳತೆಯ ತಿದ್ದುಪಡಿ ತುಂಬಿ, ಸರಿಪಡಿಸಬಲ್ಲವನು ಪಾಳಿಗೊಬ್ಬನೇ ಇದ್ದಾನೆ, ಅವನೇ ಸೆಟ್ಟರ್. ಅವನು ಊರಿಗೆ ಹೋದ ದಿನ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ, ಇಲ್ಲವೇ ಕೆಟ್ಟ ತುಂಡುಗಳ ರಿಜೆಕ್ಟ್ ಪೆಟ್ಟಿಗೆ ತುಂಬುತ್ತದೆ. ಎರಡು ವರ್ಷಗಳ ಹಿಂದೆ ನನ್ನ ಖರ್ಚಿನಲ್ಲೇ ಇಬ್ಬರನ್ನು ಖಾಸಗಿ ತರಬೇತಿಗೆ ಕಳಿಸಿದೆ. ಅವರಲ್ಲಿ ಒಬ್ಬ ನಾಲ್ಕೇ ತಿಂಗಳಲ್ಲಿ ಮೂರು ಸಾವಿರ ಹೆಚ್ಚು ಸಂಬಳಕ್ಕೆ ಚಾಕಣದ ದೊಡ್ಡ ಕಂಪನಿಯೊಂದಕ್ಕೆ ಸೇರಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಜಾಗದಲ್ಲಿದ್ದರೆ ನಾನೂ ಹೋಗುತ್ತಿದ್ದೆ. ಆದರೆ ಮೂರನೆಯವನನ್ನು ಕಳಿಸಲು ಧೈರ್ಯ ಬರಲಿಲ್ಲ.

ನಮ್ಮದೇ ಗಲ್ಲಿಯ ಆರು ಘಟಕಗಳ ಮಾಲಕರು ಗುರುವಾರದ ರಜೆಯ ದಿನ ಚಹಾಕ್ಕೆ ಸೇರುವುದುಂಟು. ನಾವಿಬ್ಬರು ಕನ್ನಡಿಗರು, ಮೂವರು ಮರಾಠಿಗರು, ಒಬ್ಬರು ಗುಜರಾತಿಗಳು. ಎಲ್ಲರದೂ ಇದೇ ಗೋಳು. ಒಬ್ಬೊಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡೋಣ, ಒಂದು ಹಳೆಯ ಯಂತ್ರವನ್ನು ಕಲಿಕೆಗೆಂದೇ ಮೀಸಲಿಟ್ಟು ಕಲಿಸುವವರೊಬ್ಬರನ್ನು ಗೊತ್ತುಮಾಡಿಕೊಳ್ಳೋಣ ಎಂಬ ಮಾತು ಬಂದಿದೆ. ಇಂಥ ಕೂಟಕ್ಕೆ, ಅದರಲ್ಲೂ ಹೊಸ ಹುಡುಗರಿಗಲ್ಲದೆ ಈಗಾಗಲೇ ಕೆಲಸದಲ್ಲಿರುವವರ ತರಬೇತಿಗೆ, ಕೇಂದ್ರದ್ದಾಗಲಿ ಮಹಾರಾಷ್ಟ್ರ ಸರ್ಕಾರದ್ದಾಗಲಿ ಹಣ ದೊರೆಯುವ ದಾರಿ ಇದೆಯೇ? ಇದ್ದರೆ ಯಾವ ಕಾಗದಪತ್ರ ಬೇಕು? ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಯೋಜನೆಗಳ ಹೆಸರುಗಳ ಪಟ್ಟಿ ನನ್ನ ಬಳಿಯೂ ಇದೆ. ಅದರಲ್ಲಿ ಯಾವುದು ನಮ್ಮ ಅಳತೆಗೆ ಹೊಂದುತ್ತದೆ ಎಂಬುದೇ ತಿಳಿಯುತ್ತಿಲ್ಲ.

ಉತ್ತರ — ನಿಗಡಿ ಲೆಕ್ಕಪತ್ರ

ಸರ್, ನಾನು ಪಿಂಪ್ರಿ-ಚಿಂಚವಾಡ ಭಾಗದ ಕೆಲವು ಸಣ್ಣ ಘಟಕಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಅಪ್ರೆಂಟಿಸ್‌ಗಳನ್ನು (ಕೆಲಸ ಕಲಿಯಲು ಸೇರುವ ಹುಡುಗರನ್ನು) ನೋಂದಾಯಿಸುವ ಸರ್ಕಾರಿ ಪೋರ್ಟಲ್‌ನ ಕೆಲಸವೂ ನನ್ನ ತಲೆಯ ಮೇಲೆಯೇ ಇದೆ. ಸರ್ಕಾರದ ತರಬೇತಿ ಹಣ ಹೆಚ್ಚಾಗಿ ಮೂರು ಕಡೆಗೆ ಹರಿಯುತ್ತದೆ: ಹೊಸಬನ ಸ್ಟೈಪೆಂಡಿಗೆ (ಕಲಿಕೆಯ ಕಾಲದ ಭತ್ಯೆಗೆ), ಕಟ್ಟಡ ಹಾಗೂ ಯಂತ್ರಗಳಿಗೆ, ಪರೀಕ್ಷೆ ಮತ್ತು ಪ್ರಮಾಣಪತ್ರಕ್ಕೆ. ಕೆಲಸದಲ್ಲಿರುವವನಿಗೆ ಕಲಿಸುವ ಮಾಸ್ತರರ ಸಂಬಳ ಎಂಬ ನಿಮ್ಮ ಬೇಡಿಕೆ ಈ ಮೂರರ ನಡುವಿನ ಸಂದಿಯಲ್ಲಿ ಬೀಳುತ್ತದೆ. ಹಾಗೆಂದು ದಾರಿಯೇ ಇಲ್ಲವೆಂದಲ್ಲ, ಸುತ್ತುಬಳಸಿ ಹೋಗಬೇಕಾಗುತ್ತದೆ.

ನಿಮ್ಮಂಥವರ ಕೈಗೆ ನಿಜವಾಗಿ ಎಟಕುವುದು 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ. 2019ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ನಿಮ್ಮಂಥ ಘಟಕಗಳಿಗೆ ಅದು ಇಚ್ಛೆಗೆ ಬಿಟ್ಟದ್ದು. ಒಟ್ಟು ಕೆಲಸಗಾರರ ಸಂಖ್ಯೆಯ ಶೇ. 2.5ರಿಂದ ಶೇ. 15ರವರೆಗೆ ತೆಗೆದುಕೊಳ್ಳಬಹುದು, ಗುತ್ತಿಗೆಯ ಮೇಲಿರುವವರೂ ಈ ಲೆಕ್ಕದಲ್ಲಿ ಸೇರುತ್ತಾರೆ. ಇಪ್ಪತ್ತೆರಡಕ್ಕೆ ಮೂವರು. ಸ್ಟೈಪೆಂಡಿನ ಶೇ. 25ನ್ನು ಕೇಂದ್ರ ಭರಿಸುತ್ತದೆ, ಆದರೆ ತಿಂಗಳಿಗೆ ತಲಾ ₹1,500ರ ಮಿತಿಯಿದೆ. ಐಟಿಐ ಮುಗಿಸಿದವನಿಗೆ 2019ರ ನಿಯಮದಲ್ಲಿ ಕನಿಷ್ಠ ₹7,000. ಅದರ ಕಾಲುಭಾಗ ₹1,750 ಆದರೂ ಬರುವುದು ₹1,500 ಮಾತ್ರ. ಆಗ ಕನಿಷ್ಠ ಸ್ಟೈಪೆಂಡ್ ₹5,000ದಿಂದ ₹9,000ದವರೆಗೆ ಇತ್ತು. ಅದನ್ನು ₹6,800ರಿಂದ ₹12,300ಕ್ಕೆ ಏರಿಸಬೇಕೆಂದು ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಕರಾರು ಬರೆಯುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಂಡೇ ಬರೆಯಿರಿ.

ಹಳಬರು ಇನ್ನೂ ‘ಮರುಪಾವತಿ ಬರುವುದೇ ಇಲ್ಲ’ ಎಂದು ಹೇಳುತ್ತಾರೆ. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೆ ಹೋಗುವ ವ್ಯವಸ್ಥೆ ಬಂದಿದೆ. ನೀವು ಉಳಿದದ್ದನ್ನು ಕೊಟ್ಟರಾಯಿತು. ಎಡವುವುದು ಈಗ ಬೇರೆ ಕಡೆ. ಹುಡುಗನ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಆ ₹1,500 ಅವನಿಗೆ ತಲುಪುವುದಿಲ್ಲ, ಅವನು ನಿಮ್ಮ ಮುಖ ನೋಡುತ್ತಾನೆ. ಊರಿನ ಗ್ರಾಮೀಣ ಬ್ಯಾಂಕಿನ ಖಾತೆ ಹಿಡಿದು ಬಂದವರಲ್ಲಿ ಇದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಈಗ ಕರಾರಿಗಿಂತ ಮೊದಲು ಬ್ಯಾಂಕಿಗೇ ಕಳಿಸುತ್ತೇನೆ.

ಈಗ ನಿಮ್ಮ ಕೂಟದ ಮಾತು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಒಂದು ಅವಕಾಶವಿದೆ, ಅದನ್ನು ಬಳಸುವವರು ಬಹಳ ಕಡಿಮೆ: ಹಲವು ಮಾಲಕರು ಒಟ್ಟಾಗಿ, ತಮ್ಮ ಅಪ್ರೆಂಟಿಸ್‌ಗಳನ್ನು ಒಬ್ಬರ ಕಾರ್ಖಾನೆಯಿಂದ ಇನ್ನೊಬ್ಬರ ಕಾರ್ಖಾನೆಗೆ ಕಳಿಸುತ್ತ ಪ್ರಾಯೋಗಿಕ ತರಬೇತಿ ಕೊಡಬಹುದು. ಆರೂ ಘಟಕಗಳಲ್ಲಿ ಇಪ್ಪತ್ತರ ಆಸುಪಾಸು ಜನರಿದ್ದರೆ ತಲಾ ಮೂವರಂತೆ ಹದಿನೆಂಟು ಹುಡುಗರು. ಸರ್ಕಾರದ ಪಾಲು ತಿಂಗಳಿಗೆ ₹27,000. ಅದು ನಿಮ್ಮ ಖಾತೆಗೆ ಬರುವುದಿಲ್ಲ, ಆದರೆ ನಿಮ್ಮ ಕೈಯಿಂದ ಹೋಗಬೇಕಾದದ್ದು ಅಷ್ಟು ಉಳಿಯುತ್ತದೆ. ಆ ಉಳಿತಾಯವನ್ನು ಆರು ಜನ ತಿಂಗಳು ತಿಂಗಳು ಒಂದೆಡೆ ಕೂಡಿಸಿಟ್ಟರೆ ಮಾಸ್ತರರ ಗೌರವಧನಕ್ಕೆ ಆಧಾರವಾಗುತ್ತದೆ, ಅದೇ ಮಾಸ್ತರರು ಹಳಬರಿಗೂ ಕಲಿಸಬಹುದು. ಒಂದು ಎಚ್ಚರ: ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಎಂದರೆ ಕಲಿಯುವವನು, ಕೆಲಸಗಾರನಲ್ಲ. ಅಗ್ಗದ ಆಪರೇಟರ್ ಸಿಕ್ಕ ಎಂದು ಹದಿನೆಂಟು ಹುಡುಗರನ್ನು ಯಂತ್ರಕ್ಕೆ ಕಟ್ಟಿಹಾಕುವುದಾದರೆ ಈ ಲೆಕ್ಕವನ್ನು ಮರೆತುಬಿಡಿ.

ಕೆಲಸದಲ್ಲಿರುವವರಿಗೆಂದೇ ಇರುವುದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೊಳಗಿನ ‘ಪೂರ್ವಕಲಿಕೆಯ ಮಾನ್ಯತೆ’. ಅದು ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಗೊತ್ತಿಲ್ಲದ್ದನ್ನು ಕಲಿಸುವುದು ಅದರ ಮುಖ್ಯ ಉದ್ದೇಶವಲ್ಲ. ಸಣ್ಣ ಉದ್ದಿಮೆಗಳ ಕ್ಲಸ್ಟರ್ (ಗುಂಪು) ಯೋಜನೆಯಲ್ಲಿ, ಎಲ್ಲರೂ ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅನುದಾನವಿದೆ, ಅಲ್ಲಿ ತರಬೇತಿಯೂ ನಡೆಯಬಹುದು, ಆದರೆ ಶೇ. 70ರ ಅನುದಾನದ ಮಾತು ಶುರುವಾಗುವುದೇ ₹5 ಕೋಟಿ ಮೇಲಿನ ಯೋಜನೆಗಳಿಂದ. ಆರು ಜನರ ಚಹಾದ ಬೈಠಕ್ಕಿಗೆ ಅದು ಆನೆಯ ಅಳತೆಯ ಅಂಗಿ.

ಉತ್ತರ — ನಿವೃತ್ತ ಮಾಸ್ತರ್

ಮೇಲಿನವರು ಲೆಕ್ಕವನ್ನು ಸರಿಯಾಗಿ ಹೇಳಿದ್ದಾರೆ. ನಾನು ಮೂವತ್ತೊಂದು ವರ್ಷ ಸರ್ಕಾರಿ ಐಟಿಐಯಲ್ಲಿ ಟರ್ನರ್ (ಲೇತ್ ಕೆಲಸದ) ವಿಭಾಗದ ಬೋಧಕನಾಗಿದ್ದವನು, ಈಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. ಸರ್ಕಾರದ ಹಣವೂ ಉದ್ಯಮದ ಕೈಯೂ ಸೇರಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದರಿಂದ ಎರಡು ಮಾತು ಬರೆಯುತ್ತೇನೆ.

2007-08ರಲ್ಲಿ ಕೇಂದ್ರವು ದೇಶದ 1,396 ಸರ್ಕಾರಿ ಐಟಿಐಗಳನ್ನು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲು ಹೊರಟಿತು. ಪ್ರತಿ ಸಂಸ್ಥೆಗೂ ಉದ್ಯಮದವರೊಬ್ಬರ ಅಧ್ಯಕ್ಷತೆಯಲ್ಲಿ ಆಡಳಿತ ಸಮಿತಿ, ಆ ಸಮಿತಿಗೆ ₹2.5 ಕೋಟಿ ಬಡ್ಡಿರಹಿತ ಸಾಲ, ಮೊದಲ ಹತ್ತು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಊಹಿಸುವುದೇ ಕಷ್ಟ. ನಾನಿದ್ದ ಸಂಸ್ಥೆಯಲ್ಲಿ ಆದದ್ದು ಇಷ್ಟು: ಅಧ್ಯಕ್ಷರು ದೊಡ್ಡ ಕಂಪನಿಯ ಅಧಿಕಾರಿ, ವರ್ಷಕ್ಕೆರಡು ಸಲ ಬಂದು ಸಹಿ ಹಾಕುತ್ತಿದ್ದರು. ಸಾಲ ತೀರಿಸಬೇಕಲ್ಲ ಎಂಬ ಅಂಜಿಕೆಯಿಂದ ಹಣದ ದೊಡ್ಡ ಪಾಲು ಠೇವಣಿಯಲ್ಲಿ ಕುಳಿತಿತು. ಉಳಿದದ್ದರಲ್ಲಿ ಒಂದು ಸಿಎನ್‌ಸಿ ಬಂತು. ಅದಕ್ಕೆ ಬೇಕಾದ ಕಂಪ್ರೆಸರ್ ಬರಲು ಒಂದೂವರೆ ವರ್ಷ ಹಿಡಿಯಿತು. ಯಂತ್ರಕ್ಕೆ ಹಣವಿತ್ತು, ಅದರ ಮೇಲೆ ಕಲಿಸಬಲ್ಲವನಿಗೆ ಇರಲಿಲ್ಲ. ಎಲ್ಲ ಕಡೆಯೂ ಹೀಗೆಯೇ ಆಯಿತೆಂದು ಹೇಳಲಾರೆ, ಕಲಿಸುವ ಉತ್ಸಾಹವಿದ್ದ ಅಧ್ಯಕ್ಷರು ಸಿಕ್ಕಲ್ಲಿ ಒಳ್ಳೆಯ ಕೆಲಸವೂ ಆಗಿದೆ.

ಈಗ ಐಟಿಐಗಳನ್ನು ಮೇಲ್ದರ್ಜೆಗೇರಿಸಲೆಂದೇ ಪಿಎಂ-ಸೇತು ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ ಈ ಯೋಜನೆಯ ಗಾತ್ರ ₹60,000 ಕೋಟಿ; ಕೇಂದ್ರದ್ದು 30,000, ರಾಜ್ಯಗಳದ್ದು 20,000, ಉದ್ಯಮದ್ದು 10,000 ಕೋಟಿ. ಒಂದು ಸಾವಿರ ಐಟಿಐಗಳಲ್ಲಿ 200 ಕೇಂದ್ರಸಂಸ್ಥೆಗಳು, 800 ಅವುಗಳಿಗೆ ಜೋಡಿಸಿದ ಉಪಸಂಸ್ಥೆಗಳು. ಉದ್ಯಮವು ಹಣ ಹಾಕುವುದರಿಂದ ಈ ಸಲ ಅಧ್ಯಕ್ಷರು ಬರೀ ಸಹಿಗೆ ಬರಲಾರರು ಎಂಬ ನಂಬಿಕೆ ನನಗಿದೆ. ಆದರೆ ಅಷ್ಟು ಹಣ ಹಾಕಬಲ್ಲವರು ಯಾರು? ದೊಡ್ಡವರೇ. ಅವರಿಗೆ ಬೇಕಾದ ರೋಬೋಟ್, ವಿದ್ಯುತ್ ವಾಹನಗಳ ಪಾಠ ಬರುತ್ತದೆ. ಭೋಸರಿಯ ಗಲ್ಲಿಗೆ ಬೇಕಾದ ಆಫ್‌ಸೆಟ್ ಪಾಠವನ್ನು ಕೇಳುವವರು ಸಮಿತಿಯಲ್ಲಿ ಇರಬೇಕಲ್ಲವೇ? ನೀವು ಆರು ಜನ ಮೊದಲು ಮಾಡಬೇಕಾದದ್ದು, ಹತ್ತಿರದ ಐಟಿಐ ಪ್ರಾಚಾರ್ಯರನ್ನು ಕಂಡು, ಸಂಜೆ ತರಗತಿ ಮುಗಿದ ಮೇಲೆ ಕಾರ್ಯಾಗಾರ ಸಿಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳುವುದು. ಆರು ಜನರ ಸಹಿಯಿರುವ ಪತ್ರಕ್ಕೆ ಇರುವ ತೂಕ ಒಬ್ಬನ ಮಾತಿಗೆ ಇರುವುದಿಲ್ಲ.

ಪಾಠದ ಬಗ್ಗೆ. ದಯವಿಟ್ಟು ಮೊದಲ ದಿನವೇ ಯಂತ್ರದ ಮುಂದೆ ನಿಲ್ಲಿಸಬೇಡಿ. ಡ್ರಾಯಿಂಗ್ ಓದುವುದು, ವರ್ನಿಯರ್ ಮತ್ತು ಮೈಕ್ರೊಮೀಟರ್ ಹಿಡಿಯುವುದು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಮ್ಮಿ) ಎಂದರೆ ಏನು ಎಂಬುದು, ಇಷ್ಟಕ್ಕೇ ಎರಡು ವಾರ ಬೇಕು. ಇಂಡಿ, ಅಫಜಲಪುರದ ಕಡೆಯಿಂದ ಬಂದ ಹುಡುಗರನ್ನು ನಾನು ಬಲ್ಲೆ. ಕೈಯಲ್ಲಿ ಕೆಲಸವಿದೆ, ಆದರೆ ಹಿಂದಿ ಅಥವಾ ಇಂಗ್ಲಿಷಿನ ವಿಡಿಯೊ ಹಾಕಿ ಕೂರಿಸಿದರೆ ತಲೆಯಾಡಿಸುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಅವರವರ ಮಾತಿನಲ್ಲಿ ಹೇಳುವವರು ಬೇಕು. ಪಠ್ಯಕ್ಕಾಗಿ ದೂರ ಹುಡುಕಬೇಡಿ. ನಿಮ್ಮ ಆರು ಕಾರ್ಖಾನೆಗಳ ರಿಜೆಕ್ಟ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಮೇಜಿನ ಮೇಲೆ ಸುರಿದು, ಈ ತುಂಡು ಯಾಕೆ ಕೆಟ್ಟಿತು ಎಂದು ಅದನ್ನು ಮಾಡಿದವನ ಬಾಯಿಂದಲೇ ಹೇಳಿಸಿ, ಬೈಯದೆ. ಇನ್ಸರ್ಟ್ ಸವೆದದ್ದೋ, ಜಾಬ್ ಸರಿಯಾಗಿ ಕೂರದ್ದೋ, ಬಿಸಿಯಿರುವಾಗಲೇ ಅಳೆದದ್ದೋ ಒಂದೊಂದಾಗಿ ಹೊರಬರುತ್ತದೆ.

ಉತ್ತರ — ಚಾಕಣ ಎರಡನೇ ಪಾಳಿ

ಮಾಲಕರು ಮತ್ತು ಮಾಸ್ತರರು ಮಾತಾಡಿದ್ದಾರೆ, ಕೆಲಸಗಾರನ ಕಡೆಯಿಂದಲೂ ಸ್ವಲ್ಪ ಕೇಳಿಸಿಕೊಳ್ಳಬೇಕೆಂದು ವಿನಂತಿ. ನಾನು ವಿಜಯಪುರ ಜಿಲ್ಲೆಯವನು. ಆಪರೇಟರ್ ಆಗಿ ಸೇರಿ, ಆರು ವರ್ಷಗಳಲ್ಲಿ ಸೆಟ್ಟರ್ ಆದವನು.

ಗುರುವಾರದ ಬೈಠಕ್ಕಿನಲ್ಲಿ ಈ ಮಾತು ಹುಟ್ಟಿದ್ದು ಓದಿದ ಕೂಡಲೇ, ತರಬೇತಿಯೂ ಗುರುವಾರವೇ ಇರುತ್ತದೆ ಎಂದುಕೊಂಡೆ. ನನ್ನ ಮೊದಲ ಕಾರ್ಖಾನೆಯಲ್ಲಿ ಹಾಗೆಯೇ ಇತ್ತು. ವಾರದ ಒಂದೇ ರಜೆಯಲ್ಲಿ, ಸಂಬಳವಿಲ್ಲದೆ, ‘ನಿಮ್ಮ ಒಳ್ಳೆಯದಕ್ಕೇ’ ಎಂದು ಕರೆಸುತ್ತಿದ್ದರು. ಬಟ್ಟೆ ಒಗೆಯುವುದು, ಊರಿಗೆ ಹಣ ಕಳಿಸುವುದು, ನಿದ್ದೆ ಮಾಡುವುದು, ಎಲ್ಲವೂ ಅದೇ ದಿನ ಆಗಬೇಕಿತ್ತು. ಮೂರನೇ ವಾರದಿಂದ ಅರ್ಧ ಜನ ಬರಲಿಲ್ಲ. ಇವರಿಗೆ ಕಲಿಯುವ ಮನಸ್ಸಿಲ್ಲ ಎಂದು ಬರೆದಿಟ್ಟರು. ಕಲಿಕೆ ಪಾಳಿಯ ಹೊತ್ತಿನಲ್ಲಿರಲಿ, ಇಲ್ಲವಾದರೆ ಆ ಹೊತ್ತಿಗೆ ಸಂಬಳವಿರಲಿ.

ಎರಡನೆಯದು, ಕಲಿತ ಮೇಲೆ ಸಂಬಳ ಎಷ್ಟು ಏರುತ್ತದೆ ಎಂಬುದನ್ನು ಕಲಿಕೆಗೆ ಮೊದಲೇ ಗೋಡೆಗೆ ಅಂಟಿಸಿ. ಆಫ್‌ಸೆಟ್ ಸ್ವತಃ ಕೊಡುವವನಿಗೆ ಇಷ್ಟು, ಹೊಸ ಜಾಬ್ ಸೆಟ್ ಮಾಡುವವನಿಗೆ ಇಷ್ಟು ಎಂದು. ಮೂರು ಸಾವಿರಕ್ಕೆ ಬಿಟ್ಟುಹೋದ ಆ ಹುಡುಗನಿಗೆ ತರಬೇತಿಯ ನಂತರ ತಾವು ಎಷ್ಟು ಏರಿಸಿದ್ದಿರಿ ಎಂಬುದನ್ನು ತಾವು ಬರೆದಿಲ್ಲ. ಮೂರನೆಯದು, ಬಾಂಡ್ ಬರೆಸಿಕೊಂಡು ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಹಾಗೆ ಇಟ್ಟುಕೊಂಡವರ ಬಳಿಯಿಂದ ಜನ ರಾತ್ರೋರಾತ್ರಿ ಹೋಗುತ್ತಾರೆ, ಅಂಕಪಟ್ಟಿಯನ್ನೂ ಬಿಟ್ಟು.

ಪ್ರಶ್ನೆ ಕೇಳಿದವರು — ಭೋಸರಿ ಟರ್ನಿಂಗ್

ಎರಡನೇ ಪಾಳಿಯವರೇ, ನಿಮ್ಮ ಊಹೆ ನಿಜ. ನಾವು ಗುರುವಾರವೇ ಎಂದು ಮಾತಾಡಿಕೊಂಡಿದ್ದೆವು. ಆ ಹುಡುಗನಿಗೆ ನಾನು ಏರಿಸಿದ್ದು ಐನೂರು ರೂಪಾಯಿ. ಬರೆಯಲು ಸಂಕೋಚವಾಗಿ ಬಿಟ್ಟಿದ್ದೆ.

ಪಾಳಿ ಬದಲಾಗುವ ಹೊತ್ತಿನಲ್ಲಿ, ಮೂರರಿಂದ ಐದರವರೆಗೆ, ವಾರಕ್ಕೆರಡು ದಿನ ಸಂಬಳ ಸಹಿತ ಇಡಬಹುದೆಂದು ಈಗ ಅನಿಸುತ್ತಿದೆ. ಆದರೆ ಉಳಿದ ಐವರು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು: ನನ್ನ ಹುಡುಗ ಕಲಿತು ಪಕ್ಕದ ಗೇಟಿಗೆ ಹೋದರೆ? ನಾವು ಆರು ಜನ ಒಬ್ಬರ ಕೆಲಸಗಾರನನ್ನು ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ ಎಂದು ಬರೆದುಕೊಳ್ಳಬಹುದೇ?

ಉತ್ತರ — ವಾಕಡದ ತರಬೇತಿ ವಿಭಾಗ

ಹಾಗೆ ಬರೆದುಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು, ಒಬ್ಬನ ವೃತ್ತಿಗೆ ತಡೆಯೊಡ್ಡುವ ಒಪ್ಪಂದಗಳನ್ನು ಅನೂರ್ಜಿತವೆನ್ನುತ್ತದೆ. ಕಾಯ್ದೆಯ ಮಾತು ಬಿಟ್ಟರೂ ಕೆಲಸಗಾರನ ಬೆನ್ನ ಹಿಂದೆ ಇಂಥ ಕಾಗದ ಮಾಡುವುದು ಸರಿಯಲ್ಲ. ಹೊರೆಯನ್ನು ಅವನ ಮೇಲೆ ಹಾಕದೆ ಮಾಲಕರ ನಡುವೆಯೇ ಹಂಚಿಕೊಳ್ಳುವ ದಾರಿ ಇದೆ. ಒಬ್ಬರ ಬಳಿ ಕಲಿತವನು ಆರರೊಳಗೇ ಇನ್ನೊಬ್ಬರ ಬಳಿಗೆ ಹೋದರೆ, ಅವನನ್ನು ತೆಗೆದುಕೊಂಡವರು ತರಬೇತಿಯ ಉಳಿದ ಖರ್ಚನ್ನು ಸಾಮಾನ್ಯ ನಿಧಿಗೆ ತುಂಬಲಿ. ಚಾಕಣಕ್ಕೆ ಹೋದವನ ಖರ್ಚು ಆರು ಪಾಲಾಗುತ್ತದೆ. ಒಬ್ಬನೇ ಹೊತ್ತಾಗ ಮುರಿಯುವ ಬೆನ್ನು ಆರು ಜನ ಹೊತ್ತಾಗ ಬಾಗುವುದೂ ಇಲ್ಲ.

ನಾನು ಕಂಪನಿಯ ಕೆಲಸದ ಮೇಲೆ ಕೆಲವು ವರ್ಷ ಐರ್ಲೆಂಡಿನಲ್ಲಿದ್ದೆ. ಅಲ್ಲಿ ನಿಮ್ಮ ಬೈಠಕ್ಕಿನಂಥದಕ್ಕೇ ಸರ್ಕಾರ ಹಣ ಕೊಡುತ್ತದೆ. 1999ರಲ್ಲಿ ಆರಂಭವಾದ ಸ್ಕಿಲ್‌ನೆಟ್ ಎಂಬ ಏರ್ಪಾಡಿನಲ್ಲಿ ಒಂದೇ ಕಸುಬಿನ ಅಥವಾ ಒಂದೇ ಪ್ರದೇಶದ ಕಂಪನಿಗಳು ಕೂಟ ಕಟ್ಟಿಕೊಳ್ಳುತ್ತವೆ, ಯಾವ ತರಬೇತಿ ಬೇಕೆಂದು ತಾವೇ ತೀರ್ಮಾನಿಸುತ್ತವೆ; ಖರ್ಚಿನ ಒಂದು ಪಾಲು ರಾಷ್ಟ್ರೀಯ ತರಬೇತಿ ನಿಧಿಯಿಂದ, ಇನ್ನೊಂದು ಪಾಲು ಕಂಪನಿಗಳಿಂದ. ಆ ನಿಧಿಯೂ ಆಕಾಶದಿಂದ ಬಿದ್ದದ್ದಲ್ಲ, ಸಂಬಳದ ಮೇಲೆ ಮಾಲಕರು ಕಟ್ಟುವ ಶುಲ್ಕದಿಂದ ತುಂಬಿದ್ದು. 2020ರಿಂದ ಅದು ಶೇ. 1. ಕೆಲಸದಲ್ಲಿರುವವರೇ ಅಲ್ಲಿನ ಮುಖ್ಯ ವಿದ್ಯಾರ್ಥಿಗಳು.

ನನಗೆ ಅಲ್ಲಿ ಹೊಳೆದದ್ದು ಬೇರೆಯೇ ಒಂದು ಸಂಗತಿ. ಪ್ರತಿ ಕೂಟಕ್ಕೂ ಒಬ್ಬ ವ್ಯವಸ್ಥಾಪಕ ಇರುತ್ತಾನೆ. ಯಾರಿಗೆ ಏನು ಬಾರದು ಎಂದು ವಿಚಾರಿಸುವುದು, ಕಲಿಸುವವರನ್ನು ಹುಡುಕುವುದು, ವೇಳೆ ಹೊಂದಿಸುವುದು, ಲೆಕ್ಕ ಒಪ್ಪಿಸುವುದು ಅವನ ಕೆಲಸ. ನಮ್ಮ ಯೋಜನೆಗಳು ಹುಡುಗನಿಗೆ ಕೊಡುತ್ತವೆ, ಯಂತ್ರಕ್ಕೆ ಕೊಡುತ್ತವೆ, ಪರೀಕ್ಷಕನಿಗೆ ಕೊಡುತ್ತವೆ. ಆರು ಜನರನ್ನು ಕೂಡಿಸಿ ನಿಲ್ಲಿಸುವ ಈ ಏಳನೆಯವನಿಗೆ ಸಣ್ಣ ಕೂಟಗಳಲ್ಲಿ ಯಾರೂ ಕೊಡುವುದಿಲ್ಲ. ವಿಶ್ವಬ್ಯಾಂಕ್ ನೆರವಿನ ₹2,200 ಕೋಟಿಯ ಸ್ಟ್ರೈವ್ ಯೋಜನೆಗೆ 2017ರಲ್ಲಿ ಒಪ್ಪಿಗೆ ಸಿಕ್ಕಾಗ, ಅದರಲ್ಲಿ ಉದ್ದಿಮೆಗಳ ಕ್ಲಸ್ಟರ್‌ಗಳಿಗೇ ಅನುದಾನ ಕೊಟ್ಟು ಅಪ್ರೆಂಟಿಸ್ ತರಬೇತಿ ನಡೆಸುವ ಭಾಗವೊಂದಿತ್ತು. ಅಂಥದ್ದು ಮತ್ತೆ ಬಂದರೆ, ಮೊದಲೇ ಕೂಟ ಕಟ್ಟಿ ಎರಡು ವರ್ಷದ ದಾಖಲೆ ಇಟ್ಟುಕೊಂಡವರು ಅರ್ಜಿ ಹಾಕಬಲ್ಲರು. ಯೋಜನೆ ಪ್ರಕಟವಾದ ಮೇಲೆ ಕೂಟ ಕಟ್ಟುವವರಿಗೆ ಕಾಗದ ಹೊಂದಿಸುವಷ್ಟರಲ್ಲಿ ಕೊನೆಯ ದಿನ ಬಂದಿರುತ್ತದೆ. ಅಲ್ಲಿಯವರೆಗೆ ಏಳನೆಯವನ ಕೆಲಸವನ್ನು ನಿಮ್ಮಲ್ಲೊಬ್ಬರು ಸರದಿಯಂತೆ ಮಾಡಬೇಕಾಗುತ್ತದೆ. ಬರೀ ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಉತ್ತರ — ನಿಗಡಿ ಲೆಕ್ಕಪತ್ರ

ಒಂದು ಸಣ್ಣ ಸೇರ್ಪಡೆ. ದಾಖಲೆ ಎಂದರೆ ದೊಡ್ಡದೇನೂ ಬೇಡ: ಆರು ಘಟಕಗಳ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ, ಖರ್ಚು ಹಂಚಿಕೆಯ ಒಪ್ಪಂದ ಪತ್ರ, ದಿನಾಂಕ ಸಹಿತ ಹಾಜರಿ ಪುಸ್ತಕ, ಕಲಿಯುವ ಮೊದಲು ಮತ್ತು ಕಲಿತ ಮೇಲೆ ಪ್ರತಿಯೊಬ್ಬನೂ ಏನು ಮಾಡಬಲ್ಲ ಎಂಬ ಒಂದು ಪುಟದ ಟಿಪ್ಪಣಿ, ತಿಂಗಳ ರಿಜೆಕ್ಷನ್ ಲೆಕ್ಕ. ಸೊಸೈಟಿ ನೋಂದಣಿಯ ಗೊಡವೆ ಮೊದಲ ವರ್ಷ ಬೇಡ. ಹದಿನೆಂಟು ಅಪ್ರೆಂಟಿಸ್‌ಗಳನ್ನೂ ಒಮ್ಮೆಗೇ ತೆಗೆದುಕೊಳ್ಳಬೇಡಿ, ಎರಡು ಘಟಕಗಳಲ್ಲಿ ಆರು ಜನರಿಂದ ಶುರುಮಾಡಿ.

ಪ್ರಶ್ನೆ ಕೇಳಿದವರು — ಭೋಸರಿ ಟರ್ನಿಂಗ್

ಎಲ್ಲರಿಗೂ ಋಣಿ. ನಿನ್ನೆ ನಾಲ್ವರು ಒಪ್ಪಿದ್ದಾರೆ, ಒಬ್ಬರು ದೀಪಾವಳಿ ಕಳೆಯಲಿ ಎಂದಿದ್ದಾರೆ. ಏಳನೆಯವನ ಕೆಲಸ ಮೊದಲ ಆರು ತಿಂಗಳು ನನ್ನದೇ. ಸಂಬಳದ ಮೆಟ್ಟಿಲುಗಳನ್ನು ಮರಾಠಿಯಲ್ಲೂ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ಗೋಡೆಗೆ ಹಚ್ಚಲು ಕೊಟ್ಟಿದ್ದೇನೆ. ಮಾಸ್ತರರೇ, ತಾವು ಪುಣೆಯಲ್ಲೇ ಇದ್ದೀರೆಂದು ಬರೆದಿದ್ದೀರಿ. ಬುಧವಾರ ಮೂರು ಗಂಟೆಗೆ ಒಮ್ಮೆ ಬರಲು ಸಾಧ್ಯವಾದರೆ ಗಾಡಿ ಕಳಿಸುತ್ತೇನೆ. ಈ ವಾರದ ರಿಜೆಕ್ಟ್ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ತೆಗೆದಿಟ್ಟಿದ್ದೇನೆ, ನಲವತ್ತೊಂದು ತುಂಡುಗಳಿವೆ.